ಗುಡ್ಡದ ಹಾದಿ, ಬುಟ್ಟಿಯ ರೊಟ್ಟಿ

ಬಾದಾಮಿಯ ಕೆಂಪು ಗುಡ್ಡ ನೋಡಲು ದೇಶವಿದೇಶದ ಮಂದಿ ಬರುತ್ತಾರೆ. ಆ ಗುಡ್ಡದ ಬುಡದಲ್ಲೇ ಒಲೆ ಹಚ್ಚುವ ಹೆಣ್ಣುಮಕ್ಕಳಿಗೆ ಅದರಿಂದ ಬರುವುದೇನು? ಬಂದವರಿಗೆ ಉಣಬಡಿಸಿ ರೊಕ್ಕ ಕೇಳುವುದು ತಪ್ಪೇ? ತವರುಮನೆಯ ಅಡುಗೆಮನೆಯಲ್ಲಿ ನಡೆದ ಒಂದು ಜಗಳದಿಂದ ಹುಟ್ಟಿದ ಲೇಖನವಿದು.

ಬನಶಂಕರಿಗೆ ನೀವು ಹೋಗಿಯೇ ಇರುತ್ತೀರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಹುಟ್ಟಿ, ಬನದ ಹುಣ್ಣಿಮೆಯ ಜಾತ್ರೆ ನೋಡದ ಹೆಣ್ಣುಮಗಳು ಸಿಗುವುದು ಕಷ್ಟ. ಪುಷ್ಯ ಮಾಸದ ಆ ಚಳಿ, ಪಲ್ಲೇದ ಹಬ್ಬಕ್ಕೆ ದೇವಿಗೆ ಒಪ್ಪಿಸುವ ನೂರೆಂಟು ಬಗೆಯ ಕಾಯಿಪಲ್ಲೆ, ನಾಟಕ ಕಂಪನಿಗಳ ತಗಡಿನ ಡೇರೆ, ಎದುರಿಗೆ ಹರಿದ್ರಾತೀರ್ಥದ ಹೊಂಡ. ದರ್ಶನ ಮುಗಿಸಿ ಹೊರಗೆ ಬಂದ ಕೂಡಲೇ ಕಿವಿಗೆ ಬೀಳುವ ಕೂಗು ಯಾವುದು ಹೇಳಿ? "ಬರ್ರಿ ಯವ್ವಾ, ರೊಟ್ಟಿ ಉಣ್ಣ ಬರ್ರಿ!"

ಮರದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು. ಬುಟ್ಟಿಯ ಬಿಳಿ ಅರಿವೆ ಸರಿಸಿದರೆ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ. ಪಕ್ಕದಲ್ಲಿ ಪುಂಡಿಪಲ್ಲೆ, ಜುಣಕ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಗಡಿಗೆಯಲ್ಲಿ ಗಟ್ಟಿ ಮೊಸರು. ಮೇಜಿಲ್ಲ, ಕುರ್ಚಿಯಿಲ್ಲ, ಬೋರ್ಡಿಲ್ಲ. ನೆಲದ ಮೇಲೆ ಕೂತು ಉಂಡರೆ ಆ ರುಚಿ ಯಾವ ದೊಡ್ಡ ಹೋಟೆಲಿನಲ್ಲೂ ಸಿಗದು. ಬೆಂಗಳೂರಿನಿಂದ ಬಂದವರೂ ಹೊರದೇಶದಿಂದ ಬಂದವರೂ ಅಲ್ಲಿ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ.

ಇದನ್ನೆಲ್ಲ ನಾನೂ ಚಿಕ್ಕಂದಿನಿಂದ ನೋಡಿದವಳೇ. ಆದರೆ ಅದೇ ಕೆಲಸವನ್ನು ನನ್ನ ತವರುಮನೆಯಲ್ಲಿ ವೈನಿ ಶುರು ಮಾಡಿದಾಗ ನನಗೆ ಸಿಟ್ಟು ಬಂತು. ಅಷ್ಟೇ ಅಲ್ಲ, ನಾಚಿಕೆಯೂ ಆಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಕೇಳಿ.

ಅಜ್ಜಿ ತಿರುಗಿಸಿ ಕೊಟ್ಟ ನೋಟು

ನನ್ನ ತವರು ಬಾದಾಮಿಯ ಗುಡ್ಡದ ಬುಡದ ಒಂದು ಸಣ್ಣ ಹಳ್ಳಿ. ಕೊಟ್ಟದ್ದು ಇಳಕಲ್ಲಿಗೆ. ನಾನಿನ್ನೂ ಸಾಲಿಗೆ ಹೋಗುತ್ತಿದ್ದಾಗ ಗುಡ್ಡದ ಮೇಲಿನ ಹಾದಿ ಹಿಡಿದು ಬಂದ ಒಬ್ಬ ಪರದೇಶದವನೂ ಅವನ ಹೆಂಡತಿಯೂ ದಾರಿ ತಪ್ಪಿ ನಮ್ಮ ಕಟ್ಟೆಗೆ ಬಂದು ಕೂತರು. ಬಿಸಿಲಿಗೆ ಇಬ್ಬರ ಮೋರೆಯೂ ಕೆಂಪಾಗಿತ್ತು. ನಮ್ಮಜ್ಜಿಗೆ ಅವರ ಮಾತು ತಿಳಿಯದು, ಅವರಿಗೆ ಅಜ್ಜಿಯ ಮಾತು ತಿಳಿಯದು. ಹಸಿವಿನ ಮಾತು ಮಾತ್ರ ಎಲ್ಲರಿಗೂ ತಿಳಿಯುತ್ತದಲ್ಲ! ಅಜ್ಜಿ ರೊಟ್ಟಿ ಬಡಿದಳು, ಮಜ್ಜಿಗೆ ಕೊಟ್ಟಳು. ಉಂಡು ಎದ್ದು ಹೋದ ಮೇಲೆ ನೋಡಿದರೆ ತಾಟಿನ ಕೆಳಗೆ ಮಡಚಿಟ್ಟ ಒಂದು ನೋಟು. ಅಜ್ಜಿ ಹೌಹಾರಿದಳು. "ಅನ್ನಕ್ಕ ರೊಕ್ಕ ಇಟ್ಟಾರಲ್ಲೋ, ಓಡು, ಕೊಟ್ಟ ಬಾ" ಎಂದು ಕಾಕಾನನ್ನು ಅಟ್ಟಿದಳು. ಕಾಕಾ ಅರ್ಧ ಹರದಾರಿ ಓಡಿ ನೋಟು ತಿರುಗಿಸಿ ಬಂದ. ಆ ಕಥೆಯನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಈಗ ಕೆಲವು ವರ್ಷದ ಹಿಂದೆ ಪಂಚಮಿಗೆ ತವರಿಗೆ ಹೋದೆ. ಪಡಸಾಲೆಯಲ್ಲಿ ಅಪರಿಚಿತ ಹುಡುಗ ಹುಡುಗಿಯರು ಐದಾರು ಮಂದಿ ಉಣ್ಣುತ್ತ ಕೂತಿದ್ದಾರೆ. ಬೆನ್ನಿನ ಚೀಲ ಗೋಡೆಗೆ ಒರಗಿಸಿದ್ದಾರೆ. ಉಂಡ ಮೇಲೆ ಒಬ್ಬ ಹುಡುಗಿ ಎಣಿಸಿ ವೈನಿಯ ಕೈಗೆ ರೊಕ್ಕ ಕೊಟ್ಟಳು. ವೈನಿ ಸೆರಗಿನ ಗಂಟಿಗೆ ಕಟ್ಟಿಕೊಂಡರು. ಊಟಕ್ಕೆ ತಲೆಗೆ ನೂರೈವತ್ತು ರೂಪಾಯಿಯಂತೆ!

ಅವರು ಹೋಗುವ ತನಕ ಸುಮ್ಮನಿದ್ದು ಆಮೇಲೆ ಒಲೆಯ ಮುಂದೆ ಕೇಳಿಯೇಬಿಟ್ಟೆ. "ವೈನೀ, ಅಜ್ಜಿ ಉಣಿಸಿದ ಮನ್ಯಾಗ ನೀವು ಅನ್ನ ಮಾರತೀರೇನು?"

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೋಡ ತಂಗಿ, ಅಜ್ಜಿಗೆ ಊಟಕ್ಕ ಬಂದವರು ವರ್ಷಕ್ಕ ಇಬ್ಬರು. ನನಗ ವಾರಕ್ಕ ಹತ್ತು ಮಂದಿ. ಹಿಟ್ಟು ಯಾರ ಕೊಡತಾರ? ಗ್ಯಾಸ್ ಯಾರ ತುಂಬಿಸತಾರ? ನಿಮ್ಮ ಇಳಕಲ್ಲಾಗ ಸೀರಿ ನೇಯತಾರ. ನೂಲು ಸುತ್ತಾವರು, ಕೊಂಡಿ ಹಾಕಾವರು ಮನಿ ಹೆಂಗಸರು. ಸೀರಿ ಮಾರಿದ ರೊಕ್ಕ ಅವರ ಕೈಗೆ ಬರತದೇನು? ನನ್ನ ಕೈ ದುಡದದ್ದು ನನ್ನ ಕೈಗೆ ಬಂದ್ರ ನಿನಗ್ಯಾಕ ನಾಚಿಕಿ?"

ನನ್ನ ಬಾಯಿ ಕಟ್ಟಿತು. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತಲೇ ಬೆಳಗಾಗುವುದು. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಬೆರಳುಗಳನ್ನು ದಿನಾ ನೋಡುತ್ತೇನೆ. ವೈನಿ ಕೇಳಿದ ಪ್ರಶ್ನೆಯನ್ನು ಮಾತ್ರ ಒಂದು ದಿನವೂ ನಾನು ಕೇಳಿರಲಿಲ್ಲ.

ಆ ರಾತ್ರಿ ವೈನಿ ಒಂದು ನೋಟುಬುಕ್ಕು ತೋರಿಸಿದರು. ಓಣಿಯ ಆರು ಮನೆಯವರು ಪಾಳಿ ಹಾಕಿಕೊಂಡಿದ್ದಾರೆ. ಇಂದು ಒಬ್ಬರ ಮನೆಯಲ್ಲಿ ಊಟವಾದರೆ ನಾಳೆ ಇನ್ನೊಬ್ಬರ ಮನೆ. ಪ್ರತಿ ಊಟದಲ್ಲಿ ಹತ್ತು ರೂಪಾಯಿ ಒಂದು ಡಬ್ಬಿಗೆ. ಗುಡ್ಡದ ಹಾದಿಯಲ್ಲಿ ಬಿದ್ದ ಪ್ಲಾಸ್ಟಿಕ್ಕು ಆರಿಸಲು, ಹಾದಿ ತೋರಿಸುವ ಕುರಿಗಾಹಿ ಹುಡುಗನ ಚಪ್ಪಲಿಗೆ, ಒಂದು ಸಲ ಓಣಿಯ ಬಾಣಂತಿಯೊಬ್ಬಳನ್ನು ದವಾಖಾನೆಗೆ ಒಯ್ಯಲು ಆ ಡಬ್ಬಿಯ ರೊಕ್ಕವೇ ಆಯಿತಂತೆ. ಸಂಘದ ಹೆಸರಿಲ್ಲ, ಶಿಕ್ಕೆಯಿಲ್ಲ. ಲೆಕ್ಕ ಮಾತ್ರ ಪೈಸೆಗೆ ಪೈಸೆ ಇತ್ತು.

ಆ ಹಾದಿಯಲ್ಲಿ ಏನಿದೆ?

ಮರುದಿನ ವೈನಿಯೇ ನನ್ನನ್ನು ಹೊರಡಿಸಿದರು. "ಗುಡ್ಡದ ಬುಡದಾಗ ಹುಟ್ಟಿ ಗುಡ್ಡ ಹತ್ತಿಲ್ಲ ನೀ" ಎಂದು ನಕ್ಕರು. ನಿಜ. ಬಾದಾಮಿಯ ಮೇಣಬಸದಿ ನೋಡಿದ್ದೆ, ಮಹಾಕೂಟಕ್ಕೆ ಬಸ್ಸಿನಲ್ಲಿ ಹೋಗಿದ್ದೆ. ನಡೆದಿರಲಿಲ್ಲ. ಸುತ್ತು ಬಳಸುವ ಡಾಂಬರು ರಸ್ತೆಗಿಂತ ಗುಡ್ಡದ ಮೇಲಿನ ಕಾಲುಹಾದಿ ಬಹಳ ಹತ್ತಿರ. ಸುಮಾರು ಐದು ಕಿಲೋಮೀಟರು, ಸಾವಕಾಶ ನಡೆದರೆ ಎರಡು ತಾಸು.

ಬಾದಾಮಿ ಎಂದರೆ ಬರೀ ಗುಹೆ ಎಂದುಕೊಳ್ಳಬೇಡಿ. ಚಾಲುಕ್ಯರ ಒಂದನೆಯ ಪುಲಕೇಶಿ ಇಲ್ಲಿನ ಕೋಟೆ ಕಟ್ಟಿಸಿದ್ದು ಕ್ರಿ.ಶ. 543ರಲ್ಲಿ. ಮೂರನೆಯ ಗುಹೆ ಮಂಗಳೇಶ ಕೊರೆಸಿದ್ದು, ಕ್ರಿ.ಶ. 578. ಅಗಸ್ತ್ಯತೀರ್ಥದ ದಂಡೆಯಲ್ಲಿ ಭೂತನಾಥನ ಗುಡಿ. ಅಲ್ಲಿಂದ ತಟ್ಟುಕೋಟೆಯ ಕಡೆಗೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದಲ್ಲಿ ಸಿಕ್ಕ ತ್ರಿಪದಿಗಳಲ್ಲಿ ಅತ್ಯಂತ ಹಳೆಯವು ಅಲ್ಲಿಯವು. ತ್ರಿಪದಿ ಎಂದರೆ ಬೇರೇನೂ ಅಲ್ಲ, ನಮ್ಮ ಅಜ್ಜಿಯರು ಬೀಸುವಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳ ಮಟ್ಟು. ಸಾವಿರದ ಮುನ್ನೂರು ವರ್ಷದಷ್ಟು ಹಿಂದೆ ಬಂಡೆಯ ಮೇಲೆ ಕೊರೆದ ಮಟ್ಟು ಮೊನ್ನೆ ಮೊನ್ನೆಯವರೆಗೂ ನಮ್ಮ ಅಡುಗೆಮನೆಯಲ್ಲಿ ಬದುಕಿತ್ತು ಎಂದರೆ ಮೈ ಜುಮ್ಮೆನ್ನುವುದಿಲ್ಲವೇ?

ಗುಡ್ಡ ಹತ್ತಿದ ಮೇಲೆ ಬಟಾಬಯಲಿನಂಥ ಹಾಸುಬಂಡೆ. ನಡುನಡುವೆ ಕುರುಚಲು ಕಾಡು. ಕಾರಿ, ಕವಳಿ, ಸೀತಾಫಲ, ಜಾಲಿ. ಮಳೆಗಾಲ ಮುಗಿದ ಮೇಲೆ ಬಂಡೆಯ ಕುಳಿಗಳಲ್ಲಿ ನೀರು ನಿಂತು ಕನ್ನಡಿಯ ಹಾಗೆ ಹೊಳೆಯುತ್ತದೆ. ನವಿಲು ಕೂಗುತ್ತವೆ. ಇನ್ನೊಂದು ಕವಲು ಹಿಡಿದು ಹೋದರೆ ಸಿಡಿಲಪಡಿ. ಸಿಡಿಲು ಬಡಿದು ತೂತಾಯಿತೆಂದು ಜನ ಹೇಳುವ ದೊಡ್ಡ ಕಲ್ಲಿನ ಕಮಾನು. ಅದರ ಒಳಗೆ ಇತಿಹಾಸಕ್ಕೂ ಮೊದಲಿನ ಮನುಷ್ಯರು ಬರೆದ ಬಣ್ಣದ ಚಿತ್ರಗಳು. ಅವನ್ನು ಕೈಯಿಂದ ಮುಟ್ಟಬೇಡಿ, ಚೆನ್ನಾಗಿ ಕಾಣಲೆಂದು ನೀರು ಚಿಮುಕಿಸಲೇಬೇಡಿ. ಬಣ್ಣ ಒಮ್ಮೆ ಹೋದರೆ ಹೋಯಿತು.

ಮಹಾಕೂಟಕ್ಕೆ ಇಳಿಯುವಲ್ಲಿ ಒಂದು ಹಳೆಯ ದ್ವಾರ. ಅದರ ಎರಡು ಕಡೆ ಎಲುಬಿನ ಹಂದರದಂಥ ಮೂರ್ತಿಗಳು. ಮಕ್ಕಳು ಅಂಜುತ್ತಾರೆ, ಮುದುಕರು ಕೈಮುಗಿಯುತ್ತಾರೆ. ಒಳಗೆ ಬಂದರೆ ಮರಗಳ ತಂಪು, ಊಟೆ ನೀರಿನ ಪುಷ್ಕರಣಿ, ನಡುವೆ ಪುಟ್ಟ ಮಂಟಪದಲ್ಲಿ ಮುಖಲಿಂಗ. ನಡೆದು ದಣಿದ ಕಾಲನ್ನು ಆ ಮೆಟ್ಟಿಲ ಮೇಲೆ ಕೂತು ನೀರಿಗೆ ಇಳಿಬಿಟ್ಟರೆ ಆಗುವ ಸುಖವನ್ನು ಬರೆದು ಹೇಳಲಾರೆ.

ಈ ಮಹಾಕೂಟ ಹೆಣ್ಣುಮಕ್ಕಳ ದಾನದ ಜಾಗ ಕೂಡ. ಮಂಗಳೇಶನ ಕಾಲದ ಕಂಬದ ಶಾಸನ ಇಲ್ಲಿತ್ತು, ಈಗ ವಿಜಯಪುರದ ಮ್ಯೂಜಿಯಮ್ಮಿನಲ್ಲಿದೆ. ಪುಲಕೇಶಿಯ ರಾಣಿ ದುರ್ಲಭದೇವಿ ಈ ದೇವರಿಗೆ ಹತ್ತು ಹಳ್ಳಿಗಳ ದತ್ತಿಗೆ ಕಾರಣಳಾದದ್ದನ್ನು ಅದು ಹೇಳುತ್ತದೆ. ಇನ್ನೊಂದು ಶಾಸನದಲ್ಲಿ ವಿಜಯಾದಿತ್ಯ ದೊರೆಯ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ಮಾಣಿಕದ ಪೀಠ, ಬೆಳ್ಳಿಯ ಛತ್ರಿ ಕೊಟ್ಟ ಸಂಗತಿ ಇದೆ. ಅವಳ ತಾಯಿಯ ಹೆಸರು, ಅಜ್ಜಿಯ ಹೆಸರು ಕೂಡ ಅಲ್ಲಿ ಕೆತ್ತಿದ್ದಾರೆ! ಹತ್ತಿರದ ಪಟ್ಟದಕಲ್ಲಿಗೆ ಹೋದರೆ ವಿರೂಪಾಕ್ಷ ಗುಡಿ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಬದಿಯ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಗಂಡ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಅಕ್ಕತಂಗಿಯರು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಈ ಗುಡಿಗಳಿರುವ ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇಷ್ಟೆಲ್ಲ ಇರುವ ನಾಡಿನಲ್ಲಿ ಬಂದವರು ಬೆಳಿಗ್ಗೆ ಕಾರಿನಲ್ಲಿ ಬಂದು, ಫೋಟೋ ತೆಗೆದು, ನೀರಿನ ಬಾಟಲಿ ಎಸೆದು, ಸಂಜೆ ಊರು ಬಿಡುತ್ತಾರೆ. ಕಸ ಮಾತ್ರ ನಮಗೆ ಉಳಿಯುತ್ತದೆ. ಅವರು ಒಂದು ಹೊತ್ತು ನಡೆದರೆ, ಒಂದು ಊಟ ಹಳ್ಳಿಯಲ್ಲಿ ಉಂಡರೆ, ಒಂದು ರಾತ್ರಿ ನಿಂತರೆ ರೊಕ್ಕವೂ ಉಳಿಯುತ್ತದೆ, ಹಾದಿಯನ್ನು ಜೋಪಾನ ಮಾಡುವ ಮನಸ್ಸೂ ಊರಿಗೆ ಬರುತ್ತದೆ.

ಬೇರೆಡೆ ಹೆಂಗಸರು ಏನು ಮಾಡಿದರು?

"ಇದೆಲ್ಲ ನಮ್ಮಂಥವರಿಗೆ ಆಗುವ ಮಾತೇ?" ಎಂದು ನೀವು ಕೇಳಬಹುದು. ಆಗಿದೆ ನೋಡಿ.

ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯಲ್ಲಿ ಮುನ್ಸ್ಯಾರಿಯ ಪಕ್ಕ ಸರ್ಮೋಲಿ ಎಂಬ ಹಳ್ಳಿ. ಎದುರಿಗೆ ಪಂಚಚೂಲಿಯ ಹಿಮಶಿಖರಗಳು. ಅಲ್ಲಿ ಮಲ್ಲಿಕಾ ವಿರ್ದಿ ಎಂಬಾಕೆಯ ಮುಂದಾಳುತನದಲ್ಲಿ, ಮಾಟಿ ಎಂಬ ಹೆಂಗಸರ ಸಂಘಟನೆಯವರು 2004ರಲ್ಲಿ ತಮ್ಮ ಮನೆಗಳಲ್ಲೇ ಅತಿಥಿಗಳನ್ನು ಇರಿಸಿಕೊಳ್ಳಲು ಶುರು ಮಾಡಿದರು. ಹೊಸ ಕಟ್ಟಡ ಕಟ್ಟಲಿಲ್ಲ. ಇದ್ದ ಮನೆಯಲ್ಲಿ ಒಂದು ಕೋಣೆ, ಮನೆಯವರು ಉಣ್ಣುವ ಊಟವೇ ಅತಿಥಿಗೂ. ಹಕ್ಕಿ ತೋರಿಸಲು, ಬೆಟ್ಟ ಹತ್ತಿಸಲು ಊರಿನವರೇ. ಇದರಲ್ಲಿ ಜಾಣತನದ ಮಾತೊಂದಿದೆ. ಆ ಭಾಗದಲ್ಲಿ ಊರಿನ ಕಾಡನ್ನು ಊರೇ ನೋಡಿಕೊಳ್ಳುವ ವನ ಪಂಚಾಯಿತಿ ಪದ್ಧತಿ 1931ರಿಂದ ಇದೆ. ಅತಿಥಿಯಿಂದ ಬಂದ ಗಳಿಕೆಯನ್ನು ಇವರು ಆ ಕಾಡಿನ ಆರೈಕೆಗೆ ಜೋಡಿಸಿಕೊಂಡರು. ಕಾಡು ಚೆನ್ನಾಗಿದ್ದರೆ ಅತಿಥಿ ಬರುತ್ತಾನೆ, ಅತಿಥಿ ಬಂದರೆ ಕಾಡು ಉಳಿಯುತ್ತದೆ. 2023ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸರ್ಮೋಲಿಯನ್ನು ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮವೆಂದು ಆರಿಸಿತು.

ನಾಗಾಲ್ಯಾಂಡಿನ ಖೊನೋಮಾದ ಅಂಗಾಮಿ ನಾಗರು ಬೇಟೆಗೆ ಹೆಸರಾದವರು. 1998ರಲ್ಲಿ ಊರೇ ಕೂತು ಬೇಟೆ ನಿಲ್ಲಿಸಿ ತಮ್ಮ ಕಾಡನ್ನು ಹಕ್ಕಿಗಳಿಗೆ ಮೀಸಲಿಟ್ಟಿತು. ಈಗ ಆ ಹಕ್ಕಿ ನೋಡಲು ಮಂದಿ ಹೋಗುತ್ತಾರೆ, ಹಳ್ಳಿಯ ಮನೆಗಳಲ್ಲೇ ಉಳಿಯುತ್ತಾರೆ.

ನಮ್ಮ ರಾಜ್ಯದಲ್ಲೇ ನೋಡಿ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ಕುತ್ಲೂರು ಕುದುರೆಮುಖದ ಕಾಡಿನಂಚಿನ ಹಳ್ಳಿ, ಮಲೆಕುಡಿಯರು ಇರುವ ಊರು. ಒಂದು ಕಾಲಕ್ಕೆ ನಕ್ಸಲರ ಭಯಕ್ಕೆ ಮಾತ್ರ ಪತ್ರಿಕೆಯಲ್ಲಿ ಹೆಸರು ಬರುತ್ತಿತ್ತು. 2024ರಲ್ಲಿ ಅದೇ ಊರಿಗೆ ಸಾಹಸ ಪ್ರವಾಸದ ವಿಭಾಗದಲ್ಲಿ ಅತ್ಯುತ್ತಮ ಪ್ರವಾಸಿ ಗ್ರಾಮದ ಪ್ರಶಸ್ತಿ ಬಂತು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, 2011ರಲ್ಲಿ ಸಮುದಾಯದ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿಯ ಮೀಸಲು ಕಾಡಿನೊಳಗೆ ಅಂಥ ಹಕ್ಕು ಪಡೆದವರಲ್ಲಿ ಅವರೇ ದೇಶಕ್ಕೆ ಮೊದಲಿಗರು. ಕಾಡಿನ ಮೇಲೆ ಹಕ್ಕಿದ್ದವರು ಮಾತ್ರ ಬಂದವರಿಗೆ "ಇಷ್ಟು ಮಂದಿ ಸಾಕು, ಇಲ್ಲಿಗೆ ಬರಬ್ಯಾಡ್ರಿ" ಎಂದು ಗಟ್ಟಿಯಾಗಿ ಹೇಳಬಲ್ಲರು. ಇದು ಮುಖ್ಯ.

ಯಾಕೆ ಮುಖ್ಯ ಎನ್ನುತ್ತೀರಾ? ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಓಣಿಗಳು ಮುಳುಗಿ, ಮಂದಿ ನವನಗರಕ್ಕೆ ಬಂದರು. ಮನೆಗೆ ಪರಿಹಾರ ಬಂತು, ನೆರೆಹೊರೆಗೆ ಬರಲಿಲ್ಲ. ಐಹೊಳೆಯಲ್ಲಿ ಗುಡಿಗಳ ನಡುವೆಯೇ ಬದುಕುವ ಮಂದಿಯನ್ನು ಬೇರೆ ಕಡೆ ಒಯ್ಯುವ ಮಾತು ಎಷ್ಟೋ ವರ್ಷದಿಂದ ನಡೆದಿದೆ. ಗುಡಿಯ ಕಲ್ಲು ಉಳಿಯಬೇಕು, ನಿಜ. ಗುಡಿಯ ನೆರಳಲ್ಲಿ ರೊಟ್ಟಿ ಬಡಿಯುವವಳೂ ಉಳಿಯಬೇಕಲ್ಲ? ನೋಡಲು ಬಂದವರಿಗೆ ಊರಿನವರು ಬೇಕಾದವರು ಎಂದು ಗೊತ್ತಾದರೆ, ಊರಿನವರನ್ನು ಬಿಟ್ಟು ಊರು ನೋಡುವ ಯೋಚನೆ ಯಾರಿಗೂ ಬಾರದು.

ನಿಮ್ಮ ಓಣಿಯಲ್ಲಿ ಶುರು ಮಾಡುವುದಾದರೆ

ನಿಮ್ಮ ತವರೋ ಗಂಡನ ಮನೆಯೋ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಸಿದ್ಧನಕೊಳ್ಳದ ಆಸುಪಾಸಿನಲ್ಲಿದ್ದರೆ ಈ ಮಾತುಗಳನ್ನು ಸಂಘದ ಸಭೆಯಲ್ಲಿ ಓದಿ ಹೇಳಿ. ಸ್ತ್ರೀಶಕ್ತಿ ಗುಂಪು ಇಲ್ಲದ ಹಳ್ಳಿ ಈಗ ಅಪರೂಪ.

1. ಮೊದಲು ಶೌಚಾಲಯ, ಆಮೇಲೆ ಊಟ. ಸ್ವಚ್ಛವಾದ ಶೌಚಾಲಯ, ಕುದಿಸಿ ಆರಿಸಿದ ನೀರು, ತೊಳೆದ ಹಾಸಿಗೆ ಹೊದಿಕೆ. ಇಷ್ಟಿದ್ದರೆ ಸಾಕು. ಮಂಚ, ಟೀವಿ ಬೇಡ.

2. ಪಾಳಿ ಇರಲಿ. ರಸ್ತೆಯ ಬದಿಯ ಒಂದೇ ಮನೆಗೆ ಎಲ್ಲ ಗಿರಾಕಿ ಹೋದರೆ ಓಣಿಯಲ್ಲಿ ಜಗಳ ಖಂಡಿತ. ದರ ಎಲ್ಲರದೂ ಒಂದೇ. ಬಾಗಿಲ ಮೇಲೆ ಬರೆದು ಹಾಕಿ.

3. ಡಬ್ಬಿ ಇರಲಿ. ಪ್ರತಿ ಊಟಕ್ಕೆ ಇಷ್ಟೆಂದು ಊರಿನ ಪಾಲು ತೆಗೆದಿಡಿ. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಿ. ಲೆಕ್ಕ ಮುಚ್ಚಿಟ್ಟ ಸಂಘ ವರ್ಷ ದಾಟುವುದಿಲ್ಲ.

4. ಹಾದಿ ತೋರಿಸಲು ಊರಿನವರೇ ಇರಲಿ. ಕುರಿ ಕಾಯ್ದವನಿಗಿಂತ ಗುಡ್ಡ ಬಲ್ಲವರು ಯಾರು? ಅವನ ಕೂಲಿ ಮೊದಲೇ ಗೊತ್ತು ಮಾಡಿ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೂ ಈ ಕೆಲಸ ಕಲಿಸಿ. ಹೆಂಗಸರ ಗುಂಪು ಬಂದರೆ ಅವರೇ ಬೇಕಾಗುತ್ತಾರೆ.

5. ಕಾಗದಪತ್ರ ಸರಿಯಿರಲಿ. ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ನೋಂದಾಯಿಸಿ. ಬಂದವರ ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಳ್ಳಿ. ಹೊರದೇಶದವರು ಉಳಿದರೆ 24 ತಾಸಿನೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ. ರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅತಿಥಿ ಬರುತ್ತಾನೆಂದು ಹೊಸ ಕೋಣೆ ಏಳಿಸುವ ಮೊದಲು ಇದನ್ನು ನೆನಪಿಡಿ.

6. ಇಲ್ಲ ಎನ್ನಲು ಕಲಿಯಿರಿ. ಕುಡಿದು ಬಂದವರಿಗೆ, ಗುಡ್ಡದ ಮೇಲೆ ಗದ್ದಲ ಹಾಕುವವರಿಗೆ, ಬಚ್ಚಲ ಬಾಗಿಲ ತನಕ ಕ್ಯಾಮರಾ ಹಿಡಿದು ಬರುವವರಿಗೆ ಜಾಗವಿಲ್ಲ ಎಂದು ಎಲ್ಲ ಮನೆಯವರೂ ಒಂದೇ ಬಾಯಿಯಿಂದ ಹೇಳಬೇಕು. ಒಬ್ಬಳೇ ಹೆಣ್ಣುಮಗಳು ಇರುವ ಮನೆಗೆ ರಾತ್ರಿಯ ಅತಿಥಿಯನ್ನು ಕಳಿಸಬೇಡಿ. ಊಟದ ಪಾಳಿ ಮಾತ್ರ ಕೊಡಿ.

7. ಇದನ್ನೇ ನೆಚ್ಚಿ ಹೊಲ ಬಿಡಬೇಡಿ. ಮಲಪ್ರಭೆಗೆ ನೆರೆ ಬಂದು 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು. ಮರುವರ್ಷ ಕೊರೋನಾ ಬಂದು ಪ್ರವಾಸವೇ ನಿಂತಿತು. ಎಮ್ಮೆ, ಹೊಲ, ಮಗ್ಗ ಇದ್ದವರು ಬದುಕಿಕೊಂಡರು. ಅತಿಥಿಯ ರೊಕ್ಕ ಮೇಲುಗಂಟು, ಅಷ್ಟೇ.

ನೀವೇ ಹೊರಟರೆ

ಗೃಹಿಣಿಯರು ತಿರುಗಾಟಕ್ಕೆ ಹೊರಡುವುದೆಂದರೆ ಮದುವೆಗೆ, ಮುಂಜಿಗೆ, ಜಾತ್ರೆಗೆ ಎನ್ನುವ ಕಾಲ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೀಟಿನ ಖರ್ಚಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಬಾಗಲಕೋಟೆಯವರಿಗೆ ಬಾದಾಮಿಗೆ ರೈಲೂ ಇದೆ. ನಾಲ್ಕು ಮಂದಿ ಗೆಳತಿಯರು ಕೂಡಿ ಹೊರಡಿ.

ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಆ ಬಂಡೆ ಕಾದ ಹಂಚಿನ ಹಾಗೆ ಇರುತ್ತದೆ, ಬೇಡವೇ ಬೇಡ. ಬೆಳಿಗ್ಗೆ ಏಳಕ್ಕೆ ನಡಿಗೆ ಶುರುವಾಗಲಿ, ಕತ್ತಲಾಗುವ ಮೊದಲೇ ಗುಡ್ಡ ಇಳಿದಿರಬೇಕು. ಹಾದಿ ಬಲ್ಲವರು ಜೊತೆಗಿರಲಿ. ತಲೆಗೆ ಎರಡು ಲೀಟರು ನೀರು, ಜಾರದ ಚಪ್ಪಲಿ ಅಥವಾ ಬೂಟು, ತಲೆಗೆ ಸೆರಗು. ಸೀರೆ ಉಟ್ಟರೆ ಹೊಲಕ್ಕೆ ಹೋಗುವಾಗಿನ ಹಾಗೆ ಎತ್ತಿ ಕಟ್ಟಿ. ಬಾದಾಮಿಯ ಮಂಗಗಳು ಕೈಚೀಲ ಬಿಡುವುದಿಲ್ಲ, ತಿನಿಸು ಹೊರಗೆ ಕಾಣದಂತೆ ಇಡಿ. ಬಂಡೆಗೆ ಹೆಜ್ಜೇನು ಕಟ್ಟಿರುತ್ತದೆ, ಅತ್ತರು ಪೂಸಿಕೊಳ್ಳಬೇಡಿ, ಹೊಗೆ ಹಾಕಬೇಡಿ. ಮೊಣಕಾಲು ನೋವು, ಬಿ.ಪಿ. ಇದ್ದವರು ಡಾಕ್ಟರನ್ನು ಕೇಳಿ ಹೊರಡಿ, ಇಲ್ಲವೇ ಬಸ್ಸಿನಲ್ಲಿ ಬಂದು ಮಹಾಕೂಟದಲ್ಲಿ ಗೆಳತಿಯರನ್ನು ಕೂಡಿಕೊಳ್ಳಿ. ಒಯ್ದ ಚೀಲ, ಬಾಟಲಿ ಎಲ್ಲ ತಿರುಗಿ ಮನೆಗೆ ಬರಬೇಕು.

ಮತ್ತೊಂದು ಮಾತು. ಬನಶಂಕರಿಯ ರೊಟ್ಟಿ ಬುಟ್ಟಿಯವರ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಬೇಡಿ. ರೊಟ್ಟಿ ಬಡಿಯುವ ಕಷ್ಟ ನಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ದಾರಿಯ ಬುತ್ತಿ

ಖಡಕ್ ರೊಟ್ಟಿ ನಾಲ್ಕು ದಿನ ಇಟ್ಟರೂ ಕೆಡದು. ಅದರ ಜೊತೆಗೆ ಇವೆರಡು ಇರಲಿ.

ಶೇಂಗಾ ಹಿಂಡಿ: ಎರಡು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಕೆಂಪು ಖಾರದ ಪುಡಿ, ಒಂದು ಚಮಚ ಜೀರಿಗೆ, ಸ್ವಲ್ಪ ಕರಿಬೇವು, ರುಚಿಗೆ ಉಪ್ಪು. ಮೊದಲು ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಖಾರ, ಉಪ್ಪು ಕುಟ್ಟಿ, ಕೊನೆಗೆ ಶೇಂಗಾ ಹಾಕಿ ತರಿತರಿಯಾಗಿ ಕುಟ್ಟಿ. ಮಿಕ್ಸರಿನಲ್ಲಾದರೆ ತಡೆದು ತಡೆದು ತಿರುಗಿಸಿ. ಹೆಚ್ಚಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಪುಂಡಿಪಲ್ಲೆ: ಎರಡು ಕಟ್ಟು ಪುಂಡಿ ಸೊಪ್ಪಿನ ಎಲೆ ಬಿಡಿಸಿ ತೊಳೆದು ಕುದಿಸಿ. ಹುಳಿ ಬಹಳವಿದ್ದರೆ ಮೊದಲ ನೀರು ಬಸಿದುಬಿಡಿ. ಅರ್ಧ ಬಟ್ಟಲು ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು ಬೇರೆ ಬೇಯಿಸಿಕೊಳ್ಳಿ. ಎರಡನ್ನೂ ಕೂಡಿಸಿ, ಆರು ಹಸಿಮೆಣಸಿನಕಾಯಿ ಜಜ್ಜಿ ಹಾಕಿ, ಉಪ್ಪು ಬೆರೆಸಿ ಕಡೆಗೋಲಿನಿಂದ ಮಸೆಯಿರಿ. ಮೇಲೆ ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿಯ ಘಮಘಮ ಒಗ್ಗರಣೆ. ಗಟ್ಟಿಯಾಗಿ ಮಾಡಿ ಮುಚ್ಚಳ ಬಿಗಿಯಿದ್ದ ಡಬ್ಬಿಯಲ್ಲಿ ಒಯ್ಯಿರಿ. ಆ ದಿನವೇ ಉಂಡು ಮುಗಿಸಿ.

ಈ ವರ್ಷ ಮತ್ತೆ ತವರಿಗೆ ಹೋಗಿದ್ದೆ. ವೈನಿಯ ಪಾಳಿಯ ದಿನವೇ ಇತ್ತು. ಬಂದ ಹುಡುಗರ ಸಾಲಿನಲ್ಲೇ ನಾನೂ ಕೂತು ಉಂಡೆ. ವೈನಿ ಮಾಡಿದ್ದು ಸರಿ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಗೆ ಹೇಳುವುದೆಂದು ತಿಳಿಯದೆ ಏಳುವಾಗ ತಾಟಿನ ಕೆಳಗೆ ನೂರೈವತ್ತು ರೂಪಾಯಿ ಇಟ್ಟು ಬಂದೆ.

ಬಸ್ ಸ್ಟ್ಯಾಂಡಿನ ತನಕ ಬಂದಿದ್ದೆ. ಹಿಂದಿನಿಂದ ವೈನಿ ಏದುಸಿರು ಬಿಡುತ್ತ ಓಡಿ ಬಂದರು. ನೋಟು ನನ್ನ ಕೈಯಲ್ಲಿ ತುರುಕಿದರು. "ತವರಿಗೆ ಬಂದ ಹೆಣ್ಣುಮಗಳ ಕಡಿಂದ ಊಟದ ರೊಕ್ಕ ತಗೊಳ್ಳಾಕ ನನಗ ಹುಚ್ಚ ಹಿಡದೈತೇನು?" ಎಂದು ಬೈದರು. ಬೈಯುತ್ತಲೇ ಸೆರಗಿನಲ್ಲಿ ಕಟ್ಟಿ ತಂದಿದ್ದ ಅಕ್ಕಿ, ಅಡಿಕೆ, ಬೆಲ್ಲ, ಕುಬಸದ ಖಣ ನನ್ನ ಉಡಿಗೆ ಹಾಕಿದರು. ಗುಳೇದಗುಡ್ಡದ ಖಣ. ಅವರ ಸ್ವಂತ ದುಡಿಮೆಯ ರೊಕ್ಕದಲ್ಲಿ ತಂದದ್ದು.